ಸೋಪಿಗೆ ಸುಗಂಧ ತೈಲ: ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಎಲ್ಲಿಂದ ತರಿಸುತ್ತೀರಿ?

ಗಂಗಾವತಿಯಿಂದ ಪ್ರಶ್ನೆ:
ಮನೆಯಲ್ಲೇ ತೆಂಗಿನೆಣ್ಣೆ, ಹರಳೆಣ್ಣೆ, ಸ್ವಲ್ಪ ಬೇವಿನೆಣ್ಣೆ ಹಾಕಿ ಸೋಪು ಮಾಡುತ್ತೇನೆ. ಸೋಪು ಚೆನ್ನಾಗಿಯೇ ಬರುತ್ತದೆ, ಆದರೆ ಬೇವಿನ ವಾಸನೆಗೆ ಮಕ್ಕಳು ಮುಟ್ಟುವುದಿಲ್ಲ. ನಿಂಬೆಹುಲ್ಲು, ನೀಲಗಿರಿ, ಲ್ಯಾವೆಂಡರ್, ಸಾಧ್ಯವಾದರೆ ಮಲ್ಲಿಗೆಯ ಎಣ್ಣೆ ಬೇಕು. ದೀಪಾವಳಿಗೆ ಪರಿಮಳದ ಮೇಣದಬತ್ತಿ ಮಾಡುವ ಆಸೆಯೂ ಇದೆ. ಆನ್‌ಲೈನ್‌ನಲ್ಲಿ ನೋಡಿದರೆ ಒಂದೇ ಹೆಸರಿನ ಎಣ್ಣೆಗೆ ಒಬ್ಬರು ನೂರು ರೂಪಾಯಿ ಹೇಳುತ್ತಾರೆ, ಇನ್ನೊಬ್ಬರು ಎಂಟುನೂರು. ನಮ್ಮ ಕಡೆಯೇ ಎಲ್ಲಾದರೂ ಸಿಗುತ್ತದೆಯೇ?

ಬಳ್ಳಾರಿಯಿಂದ:
ಅಕ್ಕಾ, ಪಟ್ಟಿಯಿಂದ ಮೊದಲು ಮಲ್ಲಿಗೆಯನ್ನು ತೆಗೆದುಬಿಡಿ. ಮಲ್ಲಿಗೆ ಹೂವನ್ನು ಹಬೆಯಲ್ಲಿ ಭಟ್ಟಿ ಇಳಿಸಲಾಗುವುದಿಲ್ಲ, ಬಿಸಿಗೆ ಪರಿಮಳವೇ ಕೆಡುತ್ತದೆ. ದ್ರಾವಕ ಬಳಸಿ ತೆಗೆಯಬೇಕು, ಹಾಗೆ ತೆಗೆದ ಸಾರಕ್ಕೆ ಬಂಗಾರದ ಅಂಗಡಿಯ ಬೆಲೆ. ಬೆಲೆಯಲ್ಲಿ ಗುಲಾಬಿಯದೂ ಅದೇ ಕಥೆ: ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂವು ಬೇಕಾಗುತ್ತದೆ. ಆದ್ದರಿಂದ ನೂರೈವತ್ತು ರೂಪಾಯಿಗೆ 'ಶುದ್ಧ ಮಲ್ಲಿಗೆ ಎಣ್ಣೆ' ಎಂದು ಬರೆದಿದ್ದರೆ ಅದು ಕಾರ್ಖಾನೆಯಲ್ಲಿ ಕೂಡಿಸಿದ ಫ್ರೇಗ್ರೆನ್ಸ್ ಆಯಿಲ್, ಅಂದರೆ ಕೃತಕ ಪರಿಮಳ. ಸ್ಟ್ರಾಬೆರಿ, ಸೇಬು ಎಂದು ಬರೆದಿದ್ದರೆ ಕೇಳುವುದೇ ಬೇಡ, ಗಿಡದಿಂದಲೇ ತೆಗೆದ ಅಂಥ ಸುಗಂಧ ತೈಲವೇ (ಎಸೆನ್ಶಿಯಲ್ ಆಯಿಲ್) ಇಲ್ಲ. ಕೃತಕ ಪರಿಮಳ ಬಳಸುವುದು ತಪ್ಪಲ್ಲ, ಸೋಪಿಗೆಂದೇ ತಯಾರಿಸಿದ್ದು ಸಿಗುತ್ತದೆ. ಅಸಲಿ ಎಂದು ಹಣ ಪಡೆದು ನಕಲಿ ಕೊಡುವುದರ ಬಗ್ಗೆ ಮಾತ್ರ ನನಗೆ ಸಿಟ್ಟು.

ಊರಲ್ಲೇ ಸಿಗುವುದು ಎರಡು. ನೀಲಗಿರಿ ಎಣ್ಣೆ ಮತ್ತು ಲವಂಗದೆಣ್ಣೆ. ಯಾವುದೇ ದೊಡ್ಡ ಔಷಧಿ ಅಂಗಡಿಯಲ್ಲಿ, ಆಯುರ್ವೇದ ಅಂಗಡಿಯಲ್ಲಿ ಕೇಳಿ. ಸೀಸೆ ಚಿಕ್ಕದು, ಪ್ರಯೋಗಕ್ಕೆ ಸಾಕು. ಪೂಜಾ ಸಾಮಗ್ರಿ ಅಂಗಡಿಯಲ್ಲಿ 'ಚಂದನ ಎಣ್ಣೆ' ಎಂದು ಕೊಡುವುದು ಹೆಚ್ಚಾಗಿ ದೀಪಕ್ಕೆ ಸುರಿಯುವ ಪರಿಮಳದ ಎಣ್ಣೆ, ಅದನ್ನು ಮೈಗೆ ಹಚ್ಚುವ ಸೋಪಿಗೆ ಹಾಕಬೇಡಿ. ನಿಜವಾದ ಶ್ರೀಗಂಧದೆಣ್ಣೆಯೇ ಬೇಕೆಂದರೆ ಸರ್ಕಾರಿ ಒಡೆತನದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನದನ್ನು ವಿಚಾರಿಸಿ. ಮೈಸೂರಿನಲ್ಲಿ 1916ರಲ್ಲಿ ಆರಂಭವಾದ ಗಂಧದೆಣ್ಣೆ ಕಾರ್ಖಾನೆಯ ಪರಂಪರೆ ಅವರದು. ಆದರೆ ಅದರ ಬೆಲೆಗೆ ಮನೆ ಸೋಪಿನಲ್ಲಿ ಕರಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಊಟಿ, ವಯನಾಡಿಗೆ ಹೋದವರು ಚಾಕೊಲೇಟಿನ ಜೊತೆ ನಿಂಬೆಹುಲ್ಲಿನ ಎಣ್ಣೆ ತಂದುಕೊಡುತ್ತಾರಲ್ಲ, ಅದರ ಚೀಟಿ ಓದಿ. ನೆಲ ಒರೆಸಲು ಬೆರೆಸಿ ಮಾಡಿದ್ದಾದರೆ ನೀರಿಗೆ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಸೋಪಿಗಲ್ಲ.

ರಾಯಚೂರಿನಿಂದ:
ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಚಾರ್‌ಮಿನಾರ್ ಸುತ್ತ ಅತ್ತರ್ ಅಂಗಡಿಗಳು ಸಾಲಾಗಿವೆ, ಹೋಗಿ ಮೂಗಿಗೆ ಹಬ್ಬ ಮಾಡಿಕೊಂಡು ಬನ್ನಿ. ಅತ್ತರನ್ನು ಸೋಪಿಗೆ ಸುರಿಯಬೇಡಿ ಎಂದಷ್ಟೇ ನನ್ನ ಸಲಹೆ. ಹಿಂದೆ ಗಂಧದೆಣ್ಣೆಯ ಮೇಲೆ ಹೂವಿನ ಹಬೆ ಹಿಡಿಯುತ್ತಿದ್ದರು, ಈಗ ಅಗ್ಗದ್ದರಲ್ಲಿ ಬೇರೆ ದ್ರಾವಕ ಬೆರೆಸಿರುತ್ತಾರೆ. ಬಟ್ಟೆಯ ಗಂಟು, ಹತ್ತಿ ತುಂಬಿದ ಗೊಂಬೆ, ಕಪಾಟಿಗೆ ಇಡುವ ಪರಿಮಳದ ಚೀಲ ಇಂಥವಕ್ಕೆ ಅತ್ತರ್ ಚೆನ್ನ. ಇನ್ನೊಂದು ಮಾತು: ಸೋಪಿಗೆ ನಮ್ಮ ಬೋರ್‌ವೆಲ್ ನೀರು ಬಳಸಬೇಡಿ. ಗಡಸು ನೀರು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ.

ಕೊಪ್ಪಳದಿಂದ, ರಸಾಯನಶಾಸ್ತ್ರ ಪಾಠ ಮಾಡುವವನು:
ಎಲ್ಲಿ ಕೊಳ್ಳಬೇಕು ಎಂಬುದಕ್ಕಿಂತ ಎಷ್ಟು ಕೊಳ್ಳಬೇಕು ಎಂದು ಮೊದಲು ಲೆಕ್ಕ ಹಾಕಿ. ಒಂದು ಕಿಲೋ ಎಣ್ಣೆಯ ಸೋಪಿಗೆ ಸಾಮಾನ್ಯವಾಗಿ 20ರಿಂದ 30 ಗ್ರಾಂ ಸುಗಂಧ ತೈಲ ಬೇಕು. 10 ಮಿಲಿಯ ಸೀಸೆ ಡಿಫ್ಯೂಸರ್‌ಗೆ (ಕೋಣೆಯಲ್ಲಿ ಪರಿಮಳ ಹರಡುವ ಸಾಧನ) ಹನಿ ಹಾಕುವವರಿಗಾಗಿ ಇರುವುದು, ಅದರಿಂದ ಸೋಪು ಮಾಡಿದರೆ ಒಂದೊಂದು ಬಿಲ್ಲೆ ಹೋಟೆಲಿನ ಊಟದಷ್ಟು ಬೀಳುತ್ತದೆ. 100 ಮಿಲಿಗಿಂತ ಕಡಿಮೆ ತರಿಸಬೇಡಿ. ನೀವು ಕಂಡ ಎರಡು ಬೆಲೆಗಳನ್ನೂ ಮಿಲಿಗೆ ಎಷ್ಟು ಎಂದು ಭಾಗಿಸಿ ನೋಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಲವಂಗದೆಣ್ಣೆಯನ್ನು ಮಾತ್ರ ಕಿಲೋಗೆ 5 ಗ್ರಾಂ ದಾಟಿಸಬಾರದು. ಅದರ ಮುಖ್ಯ ಅಂಶವಾದ ಯೂಜಿನಾಲ್ ಚರ್ಮಕ್ಕೆ ಉರಿ ತರಬಲ್ಲದು, ಜೊತೆಗೆ ಸೋಪಿನ ಹಿಟ್ಟನ್ನು ಕಣ್ಮುಂದೆಯೇ ಗಟ್ಟಿಯಾಗಿಸುತ್ತದೆ, ಅಚ್ಚಿಗೆ ಸುರಿಯಲು ಸಮಯವೇ ಸಿಗುವುದಿಲ್ಲ. ಕಿತ್ತಳೆ, ನಿಂಬೆಹಣ್ಣಿನ ಎಣ್ಣೆಗಳು ಸೋಪು ಒಣಗುವ ನಾಲ್ಕಾರು ವಾರಗಳಲ್ಲೇ ಹಾರಿಹೋಗುತ್ತವೆ. ನಿಂಬೆಯ ಪರಿಮಳ ಬೇಕಾದವರು ನಿಂಬೆಹುಲ್ಲಿಗೇ ನಿಲ್ಲುವುದು ಜಾಣತನ: ನಮ್ಮ ದೇಶದಲ್ಲೇ ಬೆಳೆಯುತ್ತದೆ, ಅಗ್ಗ, ಬೇವಿನ ಘಾಟನ್ನೂ ಮರೆಮಾಚುತ್ತದೆ. ಲ್ಯಾವೆಂಡರ್ ನಮ್ಮಲ್ಲಿ ಹೆಚ್ಚಾಗಿ ಜಮ್ಮು ಮತ್ತು ಕಾಶ್ಮೀರದ ಬೆಳೆ, ಅಲ್ಲಿಯ ಭದರವಾಹ ಅದಕ್ಕೆ ಹೆಸರಾಗಿದೆ. ಅದು ನಿಂಬೆಹುಲ್ಲಿನ ಬೆಲೆಗೇ ಸಿಕ್ಕರೆ ಅನುಮಾನಪಡಿ.

ಬಳ್ಳಾರಿಯಿಂದ ಮತ್ತೆ:
ಮೇಷ್ಟ್ರೇ, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡುವುದನ್ನೂ ಹೇಳಿ. ಮರುದಿನ ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆತಿದೆ ಎಂದು ತಿಳಿಯುತ್ತೇನೆ.

ಕೊಪ್ಪಳದಿಂದ:
ಅದು ಹಿಡಿಯುವುದು ದಡ್ಡ ಕಳ್ಳನನ್ನು ಮಾತ್ರ. ನಿಂಬೆಹುಲ್ಲಿಗೆ ಪರಿಮಳ ಕೊಡುವ ಸಿಟ್ರಾಲ್ ಅನ್ನು ಕೃತಕವಾಗಿ ತಂದು ಬೆರೆಸಿದವನು ಆ ಪರೀಕ್ಷೆಯಲ್ಲಿ ನಿರಾಳವಾಗಿ ಪಾಸಾಗುತ್ತಾನೆ. ಇತ್ತ ಲಾವಂಚ, ಶ್ರೀಗಂಧದಂಥ ಮಂದ ಎಣ್ಣೆಗಳು ಶುದ್ಧವಾಗಿದ್ದರೂ ಕಲೆ ಬಿಡುತ್ತವೆ. ಚೀಟಿಯ ಮೇಲೆ ಸಸ್ಯಶಾಸ್ತ್ರೀಯ ಹೆಸರು, ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ಆ ಬ್ಯಾಚಿನ ಗ್ಯಾಸ್ ಕ್ರೊಮ್ಯಾಟೊಗ್ರಫಿ ವರದಿ ಕೇಳಿ, ಎಣ್ಣೆಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿ ಅದು. ಒಳ್ಳೆಯ ಮಾರಾಟಗಾರರು ತಕರಾರಿಲ್ಲದೆ ಕಳಿಸುತ್ತಾರೆ, ಉಳಿದವರು ಮಾತು ಬದಲಿಸುತ್ತಾರೆ. ಆನ್‌ಲೈನ್‌ನಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಇದು ಮೇಲು.

ಗಂಗಾವತಿಯಿಂದ:
ಎಲ್ಲರಿಗೂ ಧನ್ಯವಾದ. ಹಾಗಾದರೆ ನಿಂಬೆಹುಲ್ಲು ಮತ್ತು ನೀಲಗಿರಿಯಿಂದ ಆರಂಭಿಸುತ್ತೇನೆ. ಮೇಣದಬತ್ತಿಗೂ ಇವೇ ನಡೆಯುತ್ತವೆಯೇ? ಪಕ್ಕದ ಮನೆಯವರು ಸೋಪು ಕೇಳುತ್ತಿದ್ದಾರೆ, ಮಾರಬಹುದೇ ಸರ್?

ಕೊಪ್ಪಳದಿಂದ:
ಉಡುಗೊರೆಯಾಗಿ ಎಷ್ಟಾದರೂ ಕೊಡಿ. ಮಾರುವುದಾದರೆ ಸ್ನಾನದ ಸೋಪು ಸೌಂದರ್ಯವರ್ಧಕದ ಲೆಕ್ಕಕ್ಕೆ ಬರುತ್ತದೆ, 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ತಯಾರಿಕೆಗೆ ಪರವಾನಗಿ ಬೇಕು. ಸಂತೆಯಲ್ಲಿ ಎಲ್ಲರೂ ಮಾರುತ್ತಾರಲ್ಲ ಎನ್ನಬೇಡಿ.

ಬಳ್ಳಾರಿಯಿಂದ:
ಮೇಣದಬತ್ತಿಗೆ ಸುಗಂಧ ತೈಲ ಹಾಕುವುದು ನನ್ನ ದೃಷ್ಟಿಯಲ್ಲಿ ದುಂದು. ಬಿಸಿ ಮೇಣದಲ್ಲೇ ಅರ್ಧ ಪರಿಮಳ ಹಾರುತ್ತದೆ. ಅದಕ್ಕೆ ಮೇಣದಬತ್ತಿಗೆಂದೇ ಇರುವ ಫ್ರೇಗ್ರೆನ್ಸ್ ಆಯಿಲ್ ತನ್ನಿ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗುವವರು ಯಾರಾದರೂ ಇದ್ದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸುಗಂಧ ದ್ರವ್ಯದ ಅಂಗಡಿಗಳಲ್ಲಿ ಮೂಸಿ ನೋಡಿ ತರಬಹುದು. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ.

ತರಿಸುವುದಾದರೆ ಏಪ್ರಿಲ್, ಮೇ ಬೇಡ. ನಮ್ಮ ಬಿಸಿಲಿನಲ್ಲಿ ಪಾರ್ಸೆಲ್ ಗಾಡಿಯಲ್ಲಿ ಕುದ್ದ ಎಣ್ಣೆ ಬೇಗ ಹಳಸುತ್ತದೆ. ದೀಪಾವಳಿಗೆ ಮುಂಚೆ ನಾನು ನಿಂಬೆಹುಲ್ಲಿನ ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ತರಿಸುವವಳಿದ್ದೇನೆ. ಸಗಟಿನಲ್ಲಿ ಬೆಲೆ ಗಣನೀಯವಾಗಿ ಇಳಿಯುತ್ತದೆ, ಬೇಕಾದವರು ಈಗಲೇ ಪ್ರಮಾಣ ತಿಳಿಸಿ. ಹಂಚಿಕೊಳ್ಳಲು ಕಂದು ಬಣ್ಣದ ಗಾಜಿನ ಸೀಸೆ ನೀವೇ ತರಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದವರಿಗೆ ಕೊಡುವುದಿಲ್ಲ, ಈ ಎಣ್ಣೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮನೆಗೆ ಒಯ್ದ ಮೇಲೆ ಮಕ್ಕಳ ಕೈಗೆ ಎಟುಕದ ಕಪಾಟಿನಲ್ಲಿಡಿ, ನೀಲಗಿರಿಯನ್ನಂತೂ ಖಂಡಿತ. ಮಕ್ಕಳು ಅದನ್ನು ಸ್ವಲ್ಪ ಕುಡಿದರೂ ಆಸ್ಪತ್ರೆಯ ಪಾಲು.

ರಾಯಚೂರಿನಿಂದ:
ನನ್ನ ಹೆಸರಿಗೆ 200 ಮಿಲಿ ಬರೆದುಕೊಳ್ಳಿ ಅಕ್ಕಾ. ಸೀಸೆ ನಾನೇ ತರುತ್ತೇನೆ.