ಪದಚರ್ಚೆ: 'ಆರ್ಟ್ ಸಾಂಗ್'ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು, ಬ್ಯಾನರಿಗೆ)

ಸು. ರಾ., ಹಾಸನ

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಪ್ರೆಸ್ಸಿಗೆ ಕೊಡಬೇಕು. ಹಾಸನದಲ್ಲಿ ಒಂದು ಟ್ರಸ್ಟ್ ಎರಡು ಸಂಜೆಯ ಗಾಯನ ಉತ್ಸವ ನಡೆಸುತ್ತಿದೆ. ಮೊದಲ ಸಂಜೆ ಕರ್ನಾಟಕ ಸಂಗೀತದ ಕಚೇರಿ. ಎರಡನೆಯ ಸಂಜೆ ಒಬ್ಬ ಗಾಯಕಿ, ಒಬ್ಬ ಪಿಯಾನೊ ವಾದಕ. ಯುರೋಪಿನ ಸಂಯೋಜಕರಾದ ಶೂಬರ್ಟ್, ಶೂಮಾನ್, ಫೋರೆ ಇವರ ಹಾಡುಗಳು. ಇಂಗ್ಲಿಷ್ ಪಠ್ಯದಲ್ಲಿ 'ನಾನ್-ಪ್ರಾಫಿಟ್ ಫೆಸ್ಟಿವಲ್ ಆಫ್ ಕ್ಲಾಸಿಕಲ್ ಸಿಂಗಿಂಗ್ ಅಂಡ್ ಆರ್ಟ್ ಸಾಂಗ್' ಎಂದಿದೆ. ಸದ್ಯ ಬರೆದಿಟ್ಟದ್ದು 'ಶಾಸ್ತ್ರೀಯ ಗಾಯನ ಮತ್ತು ಕಲಾಗೀತೆಗಳ ಲಾಭರಹಿತ ಉತ್ಸವ'. ಓದಿದರೆ ಇಲಾಖೆಯ ಸುತ್ತೋಲೆಯ ಹಾಗಿದೆ. ಬ್ಯಾನರ್ 10 ಅಡಿ ಅಗಲ, 4 ಅಡಿ ಎತ್ತರ. ಆರ್ಟ್ ಸಾಂಗ್ (ಕವಿತೆಗೆ ಸಂಯೋಜಕ ಸ್ವರ ಬರೆದ ಹಾಡು), ಸಾಂಗ್ ಸೈಕಲ್ (ಅಂಥ ಹಾಡುಗಳ ಕ್ರಮಬದ್ಧ ಸಾಲು), ನಾನ್-ಪ್ರಾಫಿಟ್ ಈ ಮೂರಕ್ಕೆ ಪದ ಬೇಕು. ಪಿಯಾನೊ ನುಡಿಸುವವರನ್ನು 'ಪಕ್ಕವಾದ್ಯ' ಅನ್ನಬಹುದೇ ಎಂಬುದೂ ತಿಳಿಯಬೇಕು.

ವಿ. ಕೃ., ಚಿಕ್ಕಮಗಳೂರು

ಪದ ಹುಡುಕುವ ಅಗತ್ಯವೇ ಇಲ್ಲ, ಇದೆ: ಪಾಡುಗಬ್ಬ. ಹಳಗನ್ನಡದ ಲಾಕ್ಷಣಿಕ ಎರಡನೆಯ ನಾಗವರ್ಮ ಕಾವ್ಯಾವಲೋಕನದಲ್ಲಿ ಮೆಲ್ವಾಡು, ಬಾಜನೆಗಬ್ಬಗಳ ಜೊತೆಗೆ ಇದನ್ನೂ ಹೇಳಿದ್ದಾನೆ. ಇಂದಿನ ರೂಪ 'ಹಾಡುಗಬ್ಬ'. ಕವಿತೆಯೂ ಹೌದು, ಹಾಡೂ ಹೌದು. ನಿಮ್ಮ ಆರ್ಟ್ ಸಾಂಗ್ ಇದಕ್ಕಿಂತ ಬೇರೆ ಏನು? 'ಕಲಾಗೀತೆ' ಜರ್ಮನ್ ಮಾತಿನ ಪಡಿಯಚ್ಚು. 'ಕಲಾಹಾಡು' ಅಂತ ಯಾರಾದರೂ ಹೇಳುವ ಮುನ್ನವೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಸಮಾಸ.

ಡಿ. ಟಿ., ಹಾಸನ

ಮೇಷ್ಟ್ರೇ, ಬಸ್ ಸ್ಟ್ಯಾಂಡಿನ ಎದುರು 'ಹಾಡುಗಬ್ಬ' ಅಂತ ಬ್ಯಾನರ್ ಕಟ್ಟಿದರೆ ಹತ್ತರಲ್ಲಿ ಎಂಟು ಮಂದಿ 'ಹಾಡು ಗಬ್ಬು' ಅಂತ ಓದುತ್ತಾರೆ. 'ಕಲಾಗೀತೆ'ಯೂ ಬೇಡ. ಕಲಾ, ಗೀತಾ ಅಕ್ಕತಂಗಿಯರ ಜೋಡಿ ಗಾಯನ ಅಂದುಕೊಳ್ಳುತ್ತಾರೆ.

ಬ. ರ., ಸಕಲೇಶಪುರ

ಸಕ್ಕದದ (ಸಂಸ್ಕೃತದ) ಹಂಗೇ ಬೇಡ. 'ಉತ್ಸವ' ಯಾಕೆ, 'ಹಬ್ಬ' ಇದೆಯಲ್ಲ. 'ಹಾಡುಹಬ್ಬ' ಅನ್ನಿ, ಮುಗಿಯಿತು. ಎರಡನೆಯ ಸಂಜೆಗೆ 'ಪಡುವಣದ ಬಾವಗೀತೆ' ಸಾಕು. ಮಹಾಪ್ರಾಣ ಬಾಯಲ್ಲಿ ಇಲ್ಲ, ಬರಹದಲ್ಲಿ ಏಕೆ?

ವಿ. ಕೃ., ಚಿಕ್ಕಮಗಳೂರು

'ಬಾವಗೀತೆ' ಎಂದರೆ ಅಕ್ಕನ ಗಂಡನ ಹಾಡು. ಇನ್ನು 'ಹಬ್ಬ' ಸಕ್ಕದವಲ್ಲದೆ ಇನ್ನೇನು? ಪರ್ವ, ಪಬ್ಬ, ಹಬ್ಬ. 'ಗೀತೆ' ಯಾವಾಗ ಅಚ್ಚಗನ್ನಡವಾಯಿತೋ ತಿಳಿಯದು. ತದ್ಭವವನ್ನು ಮನೆಮಗಳು ಅಂತ ಮುದ್ದಿಸಿ ತತ್ಸಮವನ್ನು ಹೊರಗೆ ನಿಲ್ಲಿಸುವ ಶುದ್ಧಿ, ತತ್ಸಮ ಬಿಟ್ಟು ಕಾವ್ಯ ಬರೆದ ಆಂಡಯ್ಯನ ಕಾಲದಲ್ಲೇ ಆಗಿಹೋಗಿದೆ. ವ್ಯಾಕರಣಕಾರ ಕೇಶಿರಾಜನ ಅಪಭ್ರಂಶ ಪ್ರಕರಣ ಒಮ್ಮೆ ತೆರೆದು ನೋಡಿ.

ಬ. ರ., ಸಕಲೇಶಪುರ

ನಿಮ್ಮ 'ಗಬ್ಬ'ವೂ ಕಾವ್ಯದಿಂದಲೇ ಬಂದದ್ದು ಮೇಷ್ಟ್ರೇ. ಕಾವ್ಯ, ಕಬ್ಬ, ಗಬ್ಬ.

ತಿ. ನಾ., ಮೈಸೂರು

ಪದ ಕಟ್ಟುವ ಮೊದಲು ವಸ್ತು ಏನೆಂದು ನೋಡೋಣ. ಇದು ಭಾವಗೀತೆ ಅಲ್ಲ. ಭಾವಗೀತೆ ಎಂಬುದು ಕವಿತೆಯ ಹೆಸರು. ಅದನ್ನು ಹಾಡಿದಾಗ ನಾವು ಸುಗಮ ಸಂಗೀತ ಅನ್ನುತ್ತೇವೆ. ಸುಗಮ ಸಂಗೀತದಲ್ಲಿ ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ನಡುವೆ ಕೊಳಲೋ ಕೀಬೋರ್ಡೋ ತುಂಬುತ್ತದೆ, ತಬಲಾ ನಡೆ ಹಿಡಿಯುತ್ತದೆ, ಎಲ್ಲವೂ ಮೈಕಿನಲ್ಲಿ. ಆರ್ಟ್ ಸಾಂಗಿನಲ್ಲಿ ಸಂಯೋಜಕ ಗಾಯನದ ಸ್ವರವನ್ನೂ ಪಿಯಾನೊದ ಎರಡು ಕೈಗಳ ಸ್ವರವನ್ನೂ ಕಾಗದದ ಮೇಲೆ ಪೂರ್ತಿ ಬರೆದಿರುತ್ತಾನೆ. ಅದರಾಚೆಗೆ ಒಂದು ಸಂಗತಿ (ಅದೇ ಸಾಲಿನ ಸ್ವರ ಬದಲಿಸಿ ಹಾಡುವುದು) ಹಾಕಲೂ ಜಾಗವಿಲ್ಲ. ಮೈಕೂ ಇಲ್ಲ.

ಒಂದು ಉದಾಹರಣೆ ಸಾಕು. ಶೂಬರ್ಟ್ 1815ರಲ್ಲಿ ಜರ್ಮನ್ ಕವಿ ಗಯಟೆಯ 'ಎರ್ಲ್‌ಕ್ಯೋನಿಗ್' ಪದ್ಯಕ್ಕೆ ಸಂಗೀತ ಬರೆದ. ಮಗುವನ್ನು ಅಪ್ಪಿಕೊಂಡು ರಾತ್ರಿ ಕುದುರೆ ಓಡಿಸುವ ಅಪ್ಪ, ಮಗುವಿಗೆ ಮಾತ್ರ ಕಾಣುವ ಮೃತ್ಯುರೂಪಿ. ಪಿಯಾನೊದ ಬಲಗೈ ಒಂದೇ ಸ್ವರವನ್ನು ಮೂರು ಮೂರಾಗಿ ಸುಮಾರು ನಾಲ್ಕು ನಿಮಿಷ ಬಡಿಯುತ್ತಲೇ ಇರಬೇಕು, ಅದೇ ಕುದುರೆಯ ಓಟ. ಗಾಯಕಿ ಒಬ್ಬಳೇ; ಆದರೆ ನಿರೂಪಕ, ಅಪ್ಪ, ಮಗ, ಮೃತ್ಯುರೂಪಿ ಹೀಗೆ ನಾಲ್ಕು ಧ್ವನಿ. ಮಣಿಕಟ್ಟು ಬಿಗಿಯಾಗಿ ಬಲಗೈ ಸೋತಿತೋ, ಹಾಡೇ ನಿಂತುಹೋಗುತ್ತದೆ. ಆದ್ದರಿಂದ ಪಿಯಾನೊ ಇಲ್ಲಿ ಪಕ್ಕವಾದ್ಯವಲ್ಲ, ಹಾಡಿನ ಅರ್ಧ ಭಾಗ.

ಲಿಪ್ಯಂತರ ಮಾಡುವವರಿಗೆ ಒಂದು ಎಚ್ಚರಿಕೆ. ಜರ್ಮನ್‌ನಲ್ಲಿ ಇಂಥ ಒಂದು ಹಾಡು 'ಲೀಡ್' (ಕೊನೆಯಲ್ಲಿ ಟಕಾರದಂತೆ ಕೇಳುತ್ತದೆ), ಹಲವು 'ಲೀಡರ್'. 'ಲೀಡರ್ ಗಾಯನ' ಅಂತ ಹಾಸನದಲ್ಲಿ ಬ್ಯಾನರ್ ಕಟ್ಟಿದರೆ ಯಾವ ಪಕ್ಷದವರು ಅಂತ ಕೇಳುತ್ತಾರೆ.

ಎಂ. ಎಲ್., ಅರಕಲಗೂಡು

'ಪಕ್ಕವಾದ್ಯವಲ್ಲ, ಅರ್ಧ ಭಾಗ' ಅನ್ನುವ ಮಾತಿನಲ್ಲಿ ಪಕ್ಕವಾದ್ಯ ಕೀಳು ಎಂಬ ಧ್ವನಿ ಇದೆ. ರಾಗಾಲಾಪನೆಯಲ್ಲಿ ಪಿಟೀಲು ತನ್ನ ಸರದಿಯಲ್ಲಿ ಗಾಯಕರಷ್ಟೇ ಹೊತ್ತು ರಾಗ ಬೆಳೆಸಬಹುದು, ತನಿ ಆವರ್ತನದಲ್ಲಿ ಮೃದಂಗವೇ ಯಜಮಾನ. ಕೀಳು ಯಾವುದು?

ಪರಿಹಾರ ನಮ್ಮ ಹಳೆಯ ಆಹ್ವಾನಪತ್ರಿಕೆಗಳಲ್ಲೇ ಇದೆ. 'ಹಾಡುಗಾರಿಕೆ: ಇಂಥವರು, ಪಿಟೀಲು: ಇಂಥವರು, ಮೃದಂಗ: ಇಂಥವರು'. ಎಲ್ಲಿಯೂ ಪಕ್ಕವಾದ್ಯ ಎಂಬ ಪದ ಬೇಕಾಗಲೇ ಇಲ್ಲ. 'ಗಾಯನ' ಎಂದು ಒಂದು ಹೆಸರು, 'ಪಿಯಾನೊ' ಎಂದು ಇನ್ನೊಂದು. ಎರಡೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡಿದರೆ ಯಾವ ಪದ ಹಾಕಿಯೂ ಉಪಯೋಗವಿಲ್ಲ.

ದೊಡ್ಡ ತೊಡಕು ಬೇರೆ ಕಡೆ ಇದೆ, ಅದನ್ನು ಯಾರೂ ಎತ್ತಲಿಲ್ಲ. 'ಶಾಸ್ತ್ರೀಯ ಗಾಯನ' ಎಂದಷ್ಟೇ ಹಾಕಿದರೆ ಈ ಜಿಲ್ಲೆಯಲ್ಲಿ ಅದಕ್ಕೆ ಒಂದೇ ಅರ್ಥ. ರುದ್ರಪಟ್ಟಣ ಇರುವುದು ನಮ್ಮ ತಾಲ್ಲೂಕಿನಲ್ಲೇ, ಗಾಯಕ ಆರ್. ಕೆ. ಶ್ರೀಕಂಠನ್ ಅವರ ಊರು. ಶಾಸ್ತ್ರೀಯ ಎಂದೊಡನೆ ಜನ ತಂಬೂರಿ, ಪಿಟೀಲು, ಮೃದಂಗವನ್ನೇ ನಿರೀಕ್ಷಿಸುತ್ತಾರೆ. ಎರಡು ಸಂಜೆಗೂ ಸೇರಿಸಿ ಒಂದೇ 'ಶಾಸ್ತ್ರೀಯ' ಹಾಕಬೇಡಿ. ಯಾವ ಸಂಜೆ ಯಾವುದು ಎಂದು ಬೇರೆ ಬೇರೆ ಬರೆಯಿರಿ.

ವಿ. ಕೃ., ಚಿಕ್ಕಮಗಳೂರು

'ಶಾಸ್ತ್ರೀಯ'ವೇ ತಪ್ಪು ಅನುವಾದ. ಶಾಸ್ತ್ರಕ್ಕೆ ಸಂಬಂಧಿಸಿದ್ದು ಶಾಸ್ತ್ರೀಯ. ಕ್ಲಾಸಿಕಲ್ ಎಂದರೆ 'ಅಭಿಜಾತ'.

ಎಂ. ಎಲ್., ಅರಕಲಗೂಡು

'ಅಭಿಜಾತ' ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದ್ದು. ಆ ಪದವನ್ನು ಬ್ಯಾನರಿನ ಮೇಲೆ ಹಾಕಿಕೊಂಡು ಊರಿಗೆಲ್ಲ ಆಹ್ವಾನ ಕೊಡುವುದು ಬೇಡ.

ಸು. ರಾ., ಹಾಸನ

ಸಾರ್, ಬೇರೆ ಬೇರೆ ಬರೆಯುವ ಸಲಹೆ ಒಪ್ಪಿದೆ. ಎರಡನೆಯ ಸಂಜೆಗೆ 'ಕಾವ್ಯಗಾಯನ' ಹೇಗೆ?

ಎಂ. ಎಲ್., ಅರಕಲಗೂಡು

ಬೇಡ. ಹಾಸನ, ಚಿಕ್ಕಮಗಳೂರು ಕಡೆ ಕಾವ್ಯಗಾಯನ ಎಂದರೆ ಗಮಕ. ಕುಮಾರವ್ಯಾಸ ಭಾರತದ ವಾಚನ-ವ್ಯಾಖ್ಯಾನ ಅಂತ ಬಂದವರು ಶೂಬರ್ಟ್ ಕೇಳಿ ಎದ್ದು ಹೋಗುತ್ತಾರೆ. ಅವರ ತಪ್ಪಲ್ಲ.

ತಿ. ನಾ., ಮೈಸೂರು

ಸಾಂಗ್ ಸೈಕಲ್ ಬಗ್ಗೆ. 'ಗೀತಮಾಲಿಕೆ' ಅಂದರೆ ರಾಗಮಾಲಿಕೆಯ ನೆನಪು ಬರುತ್ತದೆ. ರಾಗಮಾಲಿಕೆ ಹಲವು ರಾಗಗಳ ಒಂದೇ ರಚನೆ, ಇದು ಹಲವು ರಚನೆ. 'ಗೀತಮಾಲಾ' ಎಂದರೆ ರೇಡಿಯೊ ಸಿಲೋನಿನ ಬಿನಾಕಾ, ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ. 'ಗುಚ್ಛ'ಕ್ಕೆ ಕ್ರಮವಿಲ್ಲ, ಯಾವ ಹೂವು ಮೊದಲಿದ್ದರೂ ನಡೆಯುತ್ತದೆ. ಇಲ್ಲಿ ಕ್ರಮವೇ ಮುಖ್ಯ. ಶೂಬರ್ಟ್‌ನ 'ವಿಂಟರ್‌ರೈಸೆ' (1827) ವಿಲ್ಹೆಲ್ಮ್ ಮ್ಯೂಲರ್‌ನ 24 ಕವಿತೆ, 12ರ ಎರಡು ಭಾಗ. ಶೂಮಾನ್‌ನ 'ಡಿಷ್ಟರ್‌ಲೀಬೆ' (1840) ಹೈನೆಯ 16 ಕವಿತೆ. ಹಾಡು ಹಿಂದುಮುಂದಾದರೆ ಕಥೆಯೇ ಕೆಡುತ್ತದೆ. 'ಗೀತಸರಣಿ' ಸರಿಹೋಗಬಹುದು.

ಈ ಪದಕ್ಕಿಂತ ಮುಖ್ಯವಾದ ಎರಡು ಸಾಲು ಆಹ್ವಾನಪತ್ರಿಕೆಯ ಹಿಂಬದಿಗೆ ಬೇಕು. ಒಂದು: 'ಸರಣಿ ಪೂರ್ತಿ ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕೆಂದು ವಿನಂತಿ'. ಹಾಡು ಮುಗಿದರೂ ಪಿಯಾನೊ ಮುಗಿದಿರುವುದಿಲ್ಲ. 'ಡಿಷ್ಟರ್‌ಲೀಬೆ'ಯ ಕೊನೆಯಲ್ಲಂತೂ ಗಾಯನ ನಿಂತ ಮೇಲೆ ಪಿಯಾನೊ ಒಂದೇ ಸಾಕಷ್ಟು ಹೊತ್ತು ಮುಂದುವರಿಯುತ್ತದೆ. ಅಲ್ಲಿ ಚಪ್ಪಾಳೆ ಬಿದ್ದರೆ ಆ ಭಾಗ ಯಾರ ಕಿವಿಗೂ ಬೀಳುವುದಿಲ್ಲ. ಎರಡು: ಸಭಾ ಕಾರ್ಯಕ್ರಮ, ಹಾರ, ಶಾಲು, ಸ್ಮರಣಿಕೆ ಎಲ್ಲ ಹಾಡು ಶುರುವಾಗುವ ಮುನ್ನವೇ ಮುಗಿಯಬೇಕು, ಹಾಗೆಂದು ಸಮಯ ಹಾಕಿ. 70 ನಿಮಿಷ ದಾಟುವ ಸರಣಿಯ ನಡುವೆ 'ಈಗ ಮಾನ್ಯ ಅತಿಥಿಗಳಿಂದ ಎರಡು ಮಾತು' ಬಂದರೆ ಗಾಯಕಿಯ ಗಂಟಲೂ ತಣ್ಣಗಾಗುತ್ತದೆ, ಕಥೆಯ ಎಳೆಯೂ ಹರಿಯುತ್ತದೆ.

ಕವಿತೆಗಳ ಕನ್ನಡ ಅನುವಾದದ ಹಾಳೆ ಹಂಚುತ್ತೀರಾದರೆ ಹಾಡಿನ ನಡುವೆ ಪುಟ ತಿರುಗಿಸುವಂತೆ ಕಟ್ಟಬೇಡಿ. ನೂರು ಜನ ಒಟ್ಟಿಗೆ ಹಾಳೆ ಮಗುಚಿದ ಸದ್ದು ಮೈಕಿಲ್ಲದ ಗಾಯನವನ್ನು ನುಂಗುತ್ತದೆ. ಪದ್ಯ ಮುಗಿದಲ್ಲಿ ಪುಟವೂ ಮುಗಿಯಲಿ, ಕಾಗದ ಸ್ವಲ್ಪ ದಪ್ಪದ್ದಿರಲಿ. ಸಭಾಂಗಣದ ದೀಪ ಪೂರ್ತಿ ಆರಿಸಿದರೆ ಹಾಳೆ ಹಂಚಿಯೂ ವ್ಯರ್ಥ.

ಬ. ರ., ಸಕಲೇಶಪುರ

ಇಷ್ಟೆಲ್ಲ ಪಡುವಣದ ಸಾಮಾನು ಹಾಸನಕ್ಕೆ ಯಾಕೆ? ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಕನ್ನಡ ಕವಿತೆಗೆ ಮಾಡಿದ್ದು ಇದನ್ನೇ ಅಲ್ಲವೇ? ಸುಗಮ ಸಂಗೀತ ಅನ್ನಿ.

ತಿ. ನಾ., ಮೈಸೂರು

ಇದನ್ನೇ ಅಲ್ಲ. ವ್ಯತ್ಯಾಸ ಮೇಲೆ ಬರೆದಿದ್ದೇನೆ, ಓದಿ. 'ಪಡುವಣದ ಸಾಮಾನು' ಎಂಬುದಕ್ಕೆ ಮಾತ್ರ ಉತ್ತರ: ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಅದಕ್ಕೆ ಹಣದ ಬೆಂಬಲ ಕೊಟ್ಟವರು ಜಯಚಾಮರಾಜ ಒಡೆಯರು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಮೈಸೂರು ಸೀಮೆಯ ದುಡ್ಡಿಗೆ ಈ ಸಂಗೀತದ ಪರಿಚಯ ಮುಕ್ಕಾಲು ಶತಮಾನದ್ದು.

ಬ. ರ., ಸಕಲೇಶಪುರ

ಅರಸರ ಹವ್ಯಾಸ ಜನರ ನುಡಿಯಾಗುವುದಿಲ್ಲ.

ಎಂ. ಎಲ್., ಅರಕಲಗೂಡು

ಜನರ ನುಡಿಯಲ್ಲಿ ಏನಿದೆ ನೋಡೋಣ. 'ಪಿಟೀಲು' ಇಂಗ್ಲಿಷಿನ ಫಿಡಲ್. 'ಕಚೇರಿ' ಫಾರಸಿ. 'ಹಾರ್ಮೋನಿಯಂ' ಇನ್ನೂ ವೇಷವನ್ನೇ ಬದಲಿಸಿಲ್ಲ. ಪಿಟೀಲು ಬೇಡ, ಕಚೇರಿ ಬೇಡ ಎಂದರೆ ಮೊದಲ ಸಂಜೆಯ ಬ್ಯಾನರೂ ಖಾಲಿಯೇ.

ವಿ. ಕೃ., ಚಿಕ್ಕಮಗಳೂರು

ಕಚೇರಿ ಫಾರಸಿಯಲ್ಲ. ಹಿಂದೂಸ್ತಾನಿಯ 'ಕಚಹರಿ'. ತಿಳಿಯದೆ ಬರೆಯಬೇಡಿ.

ಡಿ. ಟಿ., ಹಾಸನ

ಪ್ರೆಸ್ಸಿನ ಕಡೆಯಿಂದ ನಾಲ್ಕು ಮಾತು, ಇದನ್ನು ಬಿಟ್ಟರೆ ಯಾವ ಪದ ಆರಿಸಿದರೂ ಕೆಡುತ್ತದೆ.

ಇಲ್ಲಿ ಬರೆಯುತ್ತಿರುವುದು ಯೂನಿಕೋಡ್. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇರುವುದು ಹೆಚ್ಚಾಗಿ 'ನುಡಿ' ತಂತ್ರಾಂಶದ ಹಳೆಯ ಫಾಂಟು. ಹಾಗೇ ಅಂಟಿಸಿದರೆ ಚೌಕಗಳು ಬರುತ್ತವೆ, ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರ ಜಾರುತ್ತವೆ. 'ಶಾಸ್ತ್ರೀಯ'ದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು, ತಪ್ಪು ಹೆಚ್ಚಾಗಿ ಅಲ್ಲೇ. 'ಸಾಂಗ್‌ಗಳು' ಎಂಬುದು 'ಸಾಂಗ್ಗಳು' ಆಗುತ್ತದೆ. 'ಶೂಬರ್ಟ್'ಗೆ ಅರ್ಕಾವೊತ್ತು ಹಾಕುವಾಗ ಅವಸರದಲ್ಲಿ ಕನ್ನಡದ ೯ ಅಂಕಿ ಒತ್ತುವವರಿದ್ದಾರೆ. ಸಣ್ಣಕ್ಷರದಲ್ಲಿ ಗೊತ್ತಾಗುವುದಿಲ್ಲ, ಬ್ಯಾನರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಪ್ರೂಫನ್ನು ಫೋನಿನ ಪರದೆಯಲ್ಲಿ ನೋಡಿ ಸರಿ ಅನ್ನಬೇಡಿ, ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಒಪ್ಪಿಗೆಯಾದ ಮೇಲೆ ಅಕ್ಷರವನ್ನು ಕರ್ವ್ (ಫಾಂಟು ಬೇಡದ ಗೆರೆಚಿತ್ರ) ಮಾಡಿಸಿ ಪಿಡಿಎಫ್ ಪಡೆಯಿರಿ, ಆಮೇಲೆ ಯಾವ ಯಂತ್ರಕ್ಕೆ ಕೊಟ್ಟರೂ ಬದಲಾಗುವುದಿಲ್ಲ.

4 ಅಡಿ ಎಂದರೆ 48 ಇಂಚು. ಮೂರು ಸಾಲಿಗಿಂತ ಹೆಚ್ಚು ಬೇಡ. ತಲೆಸಾಲು 12 ಇಂಚು, ಉಳಿದೆರಡು 6 ಇಂಚು. ಪ್ರತಿ ಸಾಲಿನ ಕೆಳಗೆ ಅಕ್ಷರದ ಅರ್ಧದಷ್ಟು ಜಾಗ ಒತ್ತಿಗೇ ಬಿಡಬೇಕು. ಇಂಗ್ಲಿಷ್ ಅಳತೆಯಲ್ಲಿ ಸಾಲು ಕೂರಿಸಿದರೆ ಮೇಲಿನ ಒತ್ತು ಕೆಳಗಿನ ಗುಣಿಸನ್ನು ಚುಚ್ಚುತ್ತದೆ. ಇಂಗ್ಲಿಷ್ ಬೇಕೆಂದರೆ ಅಡಿಯಲ್ಲಿ ಸಣ್ಣದಾಗಿ. ನಾಮಫಲಕದಲ್ಲಿ ಶೇ. 60 ಕನ್ನಡ, ಅದೂ ಮೇಲರ್ಧದಲ್ಲಿ ಎಂಬ 2024ರ ತಿದ್ದುಪಡಿ ನೆನಪಿರಲಿ. ಬ್ಯಾನರನ್ನೂ ಹಾಗೇ ಮಾಡಿಸಿದರೆ ತಕರಾರಿಲ್ಲ. ಫ್ಲೆಕ್ಸ್ ಬೇಡ, ಬಟ್ಟೆಯಲ್ಲಿ ಮಾಡಿಸಿ.

'ಲಾಭರಹಿತ'ವನ್ನು ಬ್ಯಾನರಿನಿಂದ ತೆಗೆಯಿರಿ. ಓದುವವರಿಗೆ ನಷ್ಟದಲ್ಲಿದೆ ಅಂತ ಕೇಳಿಸುತ್ತದೆ.

ಸು. ರಾ., ಹಾಸನ

'ಪ್ರವೇಶ ಉಚಿತ' ಹಾಕಲೇ?

ತಿ. ನಾ., ಮೈಸೂರು

ಟಿಕೆಟ್ ಇಲ್ಲದಿದ್ದರೆ ಮಾತ್ರ. ಉಚಿತಕ್ಕೂ ಲಾಭದ ಉದ್ದೇಶ ಇಲ್ಲದ್ದಕ್ಕೂ ಸಂಬಂಧವಿಲ್ಲ. ಇಂಥ ಟ್ರಸ್ಟ್ ಟಿಕೆಟ್ ಮಾರಬಹುದು, ಉಳಿದ ಹಣ ಯಾರೂ ಹಂಚಿಕೊಳ್ಳುವಂತಿಲ್ಲ, ಅಷ್ಟೆ. ಪತ್ರಿಕೆಯ ಹಿಂಬದಿಯಲ್ಲಿ 'ಟಿಕೆಟ್ಟಿನ ಹಣ ಪೂರ್ತಿ ಉತ್ಸವದ ಖರ್ಚಿಗೇ' ಎಂದು ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ದೇಣಿಗೆಗೆ ತೆರಿಗೆ ವಿನಾಯಿತಿಯ ನೋಂದಣಿ ಇದ್ದರೆ ಅದರ ಸಂಖ್ಯೆ ದೇಣಿಗೆಯ ರಸೀತಿಗೆ, ಬ್ಯಾನರಿಗಲ್ಲ.

ಸು. ರಾ., ಹಾಸನ

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ:

ಗಾಯನೋತ್ಸವ
ಮೊದಲನೆಯ ಸಂಜೆ: ಕರ್ನಾಟಕ ಸಂಗೀತ – ಹಾಡುಗಾರಿಕೆ, ಪಿಟೀಲು, ಮೃದಂಗ
ಎರಡನೆಯ ಸಂಜೆ: ಯುರೋಪಿನ ಕವಿತೆಗಳ ಹಾಡು – ಗಾಯನ, ಪಿಯಾನೊ

ಆರ್ಟ್ ಸಾಂಗಿಗೆ ಬ್ಯಾನರಿನಲ್ಲಿ ಪದವೇ ಇಲ್ಲ. ಆಹ್ವಾನಪತ್ರಿಕೆಯ ಒಳಪುಟದಲ್ಲಿ 'ಗೀತಸರಣಿ' ಬಳಸಿ ಎರಡು ಸಾಲಿನ ವಿವರಣೆ ಕೊಟ್ಟಿದ್ದೇನೆ.

ವಿ. ಕೃ., ಚಿಕ್ಕಮಗಳೂರು

ಪದವಿದ್ದೂ ಬಳಸದಿರುವುದು ಸೋಮಾರಿತನ. ಪಾಡುಗಬ್ಬವನ್ನು ಇಂದು ಬಳಸದೆ ಇನ್ನೆಂದು ಬಳಸುವುದು?

ಬ. ರ., ಸಕಲೇಶಪುರ

'ಎರಡನೆಯ' ಯಾರ ಬಾಯಲ್ಲಿದೆ? 'ಎರಡನೇ' ಮಾಡಿ.

ವಿ. ಕೃ., ಚಿಕ್ಕಮಗಳೂರು

ಮಾಡಬೇಡಿ.

ನಿರ್ವಾಹಕರು

ಮ್ಯಾಟರ್ ಪ್ರೆಸ್ಸಿಗೆ ಹೋಗಿದೆ. 'ನೆಯ', 'ನೇ' ಜಗಳಕ್ಕೂ ಕಚೇರಿಯ ಮೂಲಕ್ಕೂ ಬೇರೆ ಎಳೆ ತೆರೆಯಿರಿ.