ಸಹಾಯ ಬೇಕು: ಸೈನ್ಯಕ್ಕೆ ಹೊರಟ ಮಕ್ಕಳಿಗೆ ಸನ್ಮಾನ ಹೇಗೆ ಮಾಡೋಣ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸ್‌ನಲ್ಲಿ. ನಮ್ಮ ಕನ್ನಡ ಕೂಟದ ಇಬ್ಬರು ಮಕ್ಕಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಿದ್ದಾರೆ. ಹುಡುಗಿಗೆ ಆರ್ಮಿ ಆರ್‌ಒಟಿಸಿ (ಕಾಲೇಜಲ್ಲಿ ಓದುತ್ತಲೇ ಸೇನಾಧಿಕಾರಿಯಾಗಲು ಕೊಡುವ ತರಬೇತಿ) ಸ್ಕಾಲರ್‌ಶಿಪ್ ಸಿಕ್ಕಿದೆ. ಕಾಲೇಜು ಫೀಸು ಆರ್ಮಿಯವರೇ ಕಟ್ಟುತ್ತಾರೆ, ಡಿಗ್ರಿ ಆದ ಮೇಲೆ ಸೆಕೆಂಡ್ ಲೆಫ್ಟಿನೆಂಟ್ ಅಧಿಕಾರಿ. ಹುಡುಗ ಮರೀನ್ಸ್ (ಅಮೆರಿಕ ಸೇನೆಯ ಇನ್ನೊಂದು ವಿಭಾಗ) ಸೇರುತ್ತಿದ್ದಾನೆ, ಮೊದಲು 13 ವಾರದ ಬೂಟ್ ಕ್ಯಾಂಪ್ ತರಬೇತಿ. ಅವನಿಗಿನ್ನೂ 17. ಹಾಗಾಗಿ ಹೆತ್ತವರ ಒಪ್ಪಿಗೆ ಬೇಕಿತ್ತು. ಸಹಿ ಹಾಕುವಾಗ ಅವರಮ್ಮನ ಕೈ ನಡುಗುತ್ತಿತ್ತು, ಪೆನ್ನು ಎರಡು ಸಲ ಕೆಳಗಿಟ್ಟರು.

ಒಳ್ಳೆ ಕಾಲೇಜು ಸಿಕ್ಕ ಮಕ್ಕಳನ್ನು ಪ್ರತಿ ವರ್ಷ ಸ್ಟೇಜಿಗೆ ಕರೆಯುತ್ತೇವೆ. ಇವರನ್ನು ಬಿಟ್ಟರೆ ತಪ್ಪಲ್ವಾ? ಮೈಸೂರು ಪೇಟ ತೊಡಿಸೋಣ ಅಂತಿದ್ದೇವೆ. ಅಪ್ಪ-ಅಮ್ಮಂದಿರಿಗೂ ಏನಾದರೂ ಮಾಡಬೇಕು.

ನಿಮ್ಮ ಕೂಟದಲ್ಲಿ ಹೀಗೆ ಮಾಡಿದ್ದೀರಾ? ಸೇನೆಯಲ್ಲಿರುವ ಕನ್ನಡದವರು ಯಾರಾದರೂ ಬಂದು ಹತ್ತು ನಿಮಿಷ ಮಾತಾಡುತ್ತಾರಾ? ದಯವಿಟ್ಟು ತಿಳಿಸಿ.