ಸಿಎಸ್‌ಎಫ್ (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಸೋರಿಕೆ: ರಕ್ತ ಕಟ್ಟಿರುವುದು ತಲೆಯಲ್ಲಿ, ಚಿಕಿತ್ಸೆ ಬೆನ್ನಿಗೇಕೆ?

ಪ್ರಶ್ನೆ:
ಎದ್ದು ಕೂತರೆ ತಲೆನೋವು, ಮಲಗಿದರೆ ಇಳಿಯುತ್ತದೆ. ಎಂಆರ್‌ಐ ವರದಿಯಲ್ಲಿ ಮಿದುಳು ಕೆಳಗೆ ಜಗ್ಗಿದೆ, ಎರಡೂ ಬದಿ ತೆಳುವಾದ ಸಬ್‌ಡ್ಯೂರಲ್ ಹೆಮಟೋಮಾ (ಮಿದುಳಿನ ಹೊರಪೊರೆಯ ಕೆಳಗೆ ಕಟ್ಟಿದ ರಕ್ತ) ಇದೆ ಎಂದಿದೆ. ಆದರೂ ವೈದ್ಯರು ತಲೆಯ ಆಪರೇಷನ್ ಬೇಡ, ಮೊದಲು ಬೆನ್ನಿಗೆ ಬ್ಲಡ್ ಪ್ಯಾಚ್ ಹಾಕೋಣ ಎನ್ನುತ್ತಿದ್ದಾರೆ. ಇದು ಸರಿಯೇ? ಬೇರೆ ಯಾವ ತೊಡಕುಗಳ ಮೇಲೆ ಕಣ್ಣಿಡಬೇಕು?

ಉತ್ತರ 1:
ಸರಿಯಾದ ಕ್ರಮವೇ. ವಯಸ್ಕರ ಮೈಯಲ್ಲಿ ಸಿಎಸ್‌ಎಫ್ ಇರುವುದೇ ಸುಮಾರು 150 ಮಿ.ಲೀ. ಬೆನ್ನಿನಲ್ಲಿ ಸೋರಿ ಅದು ಕಡಿಮೆಯಾದಾಗ ತಲೆಬುರುಡೆಯಲ್ಲಿ ತೆರವಾದ ಜಾಗವನ್ನು ತುಂಬಲು ಅಭಿಧಮನಿಗಳು ಉಬ್ಬುತ್ತವೆ, ಡ್ಯೂರಾ ಪೊರೆಯ ಕೆಳಗೆ ದ್ರವ ಸೇರುತ್ತದೆ. ಅಲ್ಲಿನ ಸೂಕ್ಷ್ಮ ನಾಳಗಳು ಹರಿದರೆ ರಕ್ತ ಕಟ್ಟುತ್ತದೆ. ಸೋರಿಕೆಯನ್ನು ಹಾಗೇ ಬಿಟ್ಟು ರಕ್ತವನ್ನಷ್ಟೇ ಹೊರತೆಗೆದರೆ ಅದು ಮತ್ತೆ ತುಂಬಿಕೊಳ್ಳಬಹುದು. ಕೆಲವರಲ್ಲಿ ಮಿದುಳು ಇನ್ನಷ್ಟು ಜಗ್ಗಿ ಪ್ರಜ್ಞೆಯೇ ಕುಸಿಯುತ್ತದೆ.

ಪ್ಯಾಚ್ ಎಂದರೆ ರೋಗಿಯದೇ ರಕ್ತ, ಸಾಮಾನ್ಯವಾಗಿ 15–20 ಮಿ.ಲೀ., ಕೆಲವೊಮ್ಮೆ ಇನ್ನೂ ಹೆಚ್ಚು. ಸೋರಿಕೆ ಮುಚ್ಚಲು ಅದನ್ನು ಎಪಿಡ್ಯೂರಲ್ ಜಾಗಕ್ಕೆ (ಬೆನ್ನುಹುರಿಯ ಹೊರಪೊರೆಯ ಆಚೆಗಿನ ಜಾಗ) ನಿಧಾನವಾಗಿ ಬಿಡುತ್ತಾರೆ. ಬೆನ್ನಲ್ಲಿ ಬಿಗಿತ ಜೋರಾದರೆ ಅಥವಾ ನೋವು ಕಾಲಿಗಿಳಿದರೆ ತಕ್ಷಣ ಹೇಳಬೇಕು, ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಕೆಲವು ವಾರ ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಬೇಡವೇ ಬೇಡ.

ಆದರೆ ಹೆಮಟೋಮಾ ದೊಡ್ಡದಾಗಿ ಮಿದುಳನ್ನು ಒತ್ತುತ್ತಿದ್ದರೆ, ಮಂಪರು ಹೆಚ್ಚುತ್ತಿದ್ದರೆ ಕಾಯುವಂತಿಲ್ಲ. ತಲೆಯ ಆಪರೇಷನ್ ಆಗಲೇಬೇಕು, ಸೋರಿಕೆಯನ್ನೂ ಮುಚ್ಚಬೇಕು.

ಉತ್ತರ 2:
ತಲೆನೋವಿನ ಸ್ವಭಾವ ಬದಲಾಗುವುದನ್ನು ಗಮನಿಸಿ. ಇಷ್ಟು ದಿನ ಮಲಗಿದರೆ ಇಳಿಯುತ್ತಿದ್ದ ನೋವು ಮಲಗಿದರೂ ಬಿಡದೆ ಕಾಡಿದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಉಬ್ಬಿದ ಅಭಿಧಮನಿಗಳಲ್ಲಿ ಹರಿವು ನಿಧಾನವಾಗಿ ರಕ್ತ ಹೆಪ್ಪುಗಟ್ಟಿರಬಹುದು. ಇದು ಅಪರೂಪ, ಆದರೆ ಅಪಾಯಕಾರಿ. ಎಂಆರ್ ವೀನೋಗ್ರಾಂ (ಅಭಿಧಮನಿಗಳ ಎಂಆರ್‌ಐ) ಬೇಕಾಗುತ್ತದೆ. ಸಬ್‌ಡ್ಯೂರಲ್ ರಕ್ತವೂ ಇದ್ದಾಗ ರಕ್ತ ತೆಳುವಾಗಿಸುವ ಔಷಧ ಕೊಡುವುದೇ ಕಷ್ಟದ ತೀರ್ಮಾನ.

ಸೋರಿಕೆ ವರ್ಷಗಟ್ಟಲೆ ಉಳಿದರೆ ಮಿದುಳಿನ ಮೇಲ್ಮೈಯಲ್ಲಿ ರಕ್ತದ ಕಬ್ಬಿಣ ಕೂತು ಕಿವಿ ಮಂದವಾಗಬಹುದು, ನಡಿಗೆ ತೂರಾಡಬಹುದು. ಕೆಲವರ ನಡವಳಿಕೆಯೇ ಬದಲಾಗಿ ಡಿಮೆನ್ಷಿಯಾ ಎಂದು ತಪ್ಪು ತಿಳಿಯುವುದುಂಟು. ಅಂದಹಾಗೆ, ಸೊಂಟದಲ್ಲಿ ಸೂಜಿ ಹಾಕಿ ಅಳೆದ ಸಿಎಸ್‌ಎಫ್ ಒತ್ತಡ ನಾರ್ಮಲ್ ಬಂದರೂ ಸೋರಿಕೆ ಇಲ್ಲವೆಂದಲ್ಲ. ಸೋರಿಕೆ ಇದ್ದರೂ ಒತ್ತಡ ನಾರ್ಮಲ್‌ನ ಕೆಳಮಿತಿಯಾದ 6 ಸೆಂ.ಮೀ. ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಯದವರು ಬಹಳ ಮಂದಿ.

ಉತ್ತರ 3:
ಪ್ಯಾಚ್ ಆದ ಮೇಲೆ ನೋವು ಹಣೆಯ ಕಡೆಗೆ ಬಂದು, ಮಲಗಿದಾಗಲೇ ಹೆಚ್ಚಾದರೆ, ವಾಕರಿಕೆ, ಕಣ್ಣು ಮಂಜು ಜೊತೆಗಿದ್ದರೆ ಅದು ಸಾಮಾನ್ಯವಾಗಿ ಉಲ್ಟಾ ಸಮಸ್ಯೆ: ಒತ್ತಡ ಏರಿದೆ. ಸೋರಿಕೆ ಮರಳಿತೆಂದು ಇನ್ನೊಂದು ಪ್ಯಾಚ್ ಹಾಕಿದರೆ ಕೆಡುತ್ತದೆ. ತಲೆ ಎತ್ತರಿಸಿ ಮಲಗಿಸಿ, ವೈದ್ಯರಿಗೆ ತಿಳಿಸಿ; ಅಗತ್ಯವಿದ್ದರೆ ಒತ್ತಡ ಇಳಿಸುವ ಅಸೆಟಜೋಲಮೈಡ್ ಕೊಡುತ್ತಾರೆ.

ಪದೇ ಪದೇ ಪ್ಯಾಚ್ ಹಾಕಿಯೂ ಸೋರಿಕೆ ನಿಲ್ಲದಿದ್ದರೆ ಸಿಎಸ್‌ಎಫ್-ವೀನಸ್ ಫಿಸ್ಟುಲಾ ಇದೆಯೇ ಎಂದು ಕೇಳಿ. ಇದರಲ್ಲಿ ದ್ರವ ನೇರ ಅಭಿಧಮನಿಗೆ ಹೋಗುವುದರಿಂದ ಬೆನ್ನಿನ ಸಾಮಾನ್ಯ ಎಂಆರ್‌ಐಯಲ್ಲಿ ಏನೂ ಕಾಣದಿರಬಹುದು. ಒಂದೊಂದೇ ಮಗ್ಗುಲಿಗೆ ಮಲಗಿಸಿ ಮಾಡುವ ಮೈಲೋಗ್ರಾಂನಲ್ಲಿ (ಸಿಎಸ್‌ಎಫ್‌ಗೆ ಸ್ಕ್ಯಾನ್‌ನಲ್ಲಿ ಕಾಣುವ ಔಷಧ ಬಿಟ್ಟು ತೆಗೆಯುವ ಬೆನ್ನಿನ ಚಿತ್ರ) ಸಿಗುವ ಸಾಧ್ಯತೆ ಹೆಚ್ಚು.